ಶಾಫ್ಟಿನ ಮೇಲಿನ ಎರಡು ಬಾಣ

ಯಲಬುರ್ಗಾ, ಕುಷ್ಟಗಿ ಸೀಮೆಯ ಶಾಸನಗಳನ್ನು ಅರಸಿ ನಾನು ಅಲೆದದ್ದು ಹಳೆಯ ಮಹೀಂದ್ರ ಜೀಪಿನಲ್ಲಿ. ಒಮ್ಮೆ, ಕ್ಲಚ್ ಬಿಟ್ಟೊಡನೆ ಅಡಿಯಿಂದ ‘ಟಕ್’ ಎಂಬ ಸದ್ದು ಬರತೊಡಗಿತು. ಗಂಗಾವತಿಯ ಗ್ಯಾರೇಜೊಂದರಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಸವೆದ ಕ್ರಾಸ್‌ಗಳನ್ನು ಬದಲಿಸಿದರು. ಸದ್ದು ನಿಂತಿತು, ಆದರೆ ವೇಗ 50 ಕಿ.ಮೀ. ದಾಟಿದರೆ ಇಡೀ ಜೀಪು ನಡುಗತೊಡಗಿತು. ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದರೂ ತಗ್ಗಲಿಲ್ಲ. ಹೀಗೇ ಓಡಿಸಿದರೆ ಗೇರ್‌ಬಾಕ್ಸಿನ ಬೇರಿಂಗಿಗೂ ಪೆಟ್ಟು.

ಕುಷ್ಟಗಿಯ ವೃದ್ಧ ಮಿಸ್ತ್ರಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಕ್ರಾಸ್ ಹಾಕ್ಸಿದ ಮ್ಯಾಲೇನ್ರಿ ಸರ, ಈ ನಡುಕ?” ಮೂಲ ಲಿಪಿಕಾರನ ತಪ್ಪಿಗಿಂತ ತಿದ್ದಿದವನು ತಂದಿಟ್ಟ ತಪ್ಪನ್ನು ಹಿಡಿಯುವುದು ಕಷ್ಟವೆಂದು ಗ್ರಂಥಸಂಪಾದನೆಯ ಪಾಠದಲ್ಲಿ ನಾನೇ ಹೇಳುತ್ತಿದ್ದೆ, ಮಿಸ್ತ್ರಿ ಅದನ್ನೇ ಹುಡುಕಿ ಹೊರಟಿದ್ದರು. ಅಡಿಗೆ ನುಸುಳಿ, ಮೆತ್ತಿದ್ದ ಗ್ರೀಸು ಒರೆಸಿ, ಶಾಫ್ಟಿನ ಮೇಲಿನ ಎರಡು ಬಾಣದ ಗುರುತುಗಳನ್ನು ತೋರಿಸಿದರು. ಅವು ಒಂದೇ ನೇರದಲ್ಲಿರಲಿಲ್ಲ. ಓರೆಯಾಗಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಏರಿಳಿಸುತ್ತದೆ; ಬಾಣಗಳು ಕೂಡಿದ್ದರೆ ಮತ್ತೊಂದು ತುದಿಯ ಕ್ರಾಸ್ ಅದನ್ನು ಸರಿದೂಗಿಸುತ್ತದೆ. ಮರುಜೋಡಿಸುವಾಗ ಹಲ್ಲು ತಪ್ಪಿತ್ತು.

ಮರುದಿನ ಇಟಗಿಗೆ, 1112ರ ಮಹಾದೇವ ದೇವಾಲಯ ನೋಡಲು ಹೊರಟೆವು. ಮುಳ್ಳು 60 ದಾಟಿತು. ಹಿಂದಿನ ಸೀಟಿನ ವಿದ್ಯಾರ್ಥಿಗಳು ಆಗಲೇ ನಿದ್ದೆಹೋಗಿದ್ದರು.