ಕಚ್ಚಿಕೊಂಡ ನಟ್ಟು

ಮೊನ್ನೆ ನಂಜನಗೂಡಿಗೆ ಹೋಗಿದ್ದೆ. ನಮ್ಮಣ್ಣನ ಮಗ ಅಲ್ಲಿ ಊಟಿ ರಸ್ತೆಯ ಪಕ್ಕ ಒಂದು ಶೆಡ್ಡು ಇಟ್ಟಿದ್ದಾನೆ. ಹೊಸ ಕಾರು ಬಂದರೆ ತಂತಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ಅದರ ರೋಗ ಹೇಳಿಬಿಡುವ ಹುಡುಗ. ಅವತ್ತು ಮಾತ್ರ ಬೆವತುಹೋಗಿದ್ದ. ಯಾರೋ ಮದುವೆ ಮೆರವಣಿಗೆಗೆ ಓಡಿಸಲೆಂದು ಹಳೇ ಅಂಬಾಸಡರ್ ಕೊಂಡು ತಂದು ಬಿಟ್ಟಿದ್ದರು. ಹಿಂದಿನ ಎಡಗಾಲಿಯ ಬ್ರೇಕ್ ಪೈಪಿನ ನಟ್ಟು ಬಿಚ್ಚಬೇಕು. ಅದು ಕಚ್ಚಿಕೊಂಡು ಕೂತಿದೆ. ಅಂವ 12ರ ಸ್ಪಾನರು ಹಾಕಿ, ಅದರ ಬಾಲಕ್ಕೆ ಕಬ್ಬಿಣದ ಕೊಳವೆ ತೊಡಿಸಿ, ಎರಡೂ ಕಾಲು ಊರಿ ಎಳೆಯಲು ಅಣಿಯಾಗಿದ್ದ.

"ನಿಲ್ಸಲಾ" ಅಂದೆ.

"ಮೇಷ್ಟ್ರುಗೇನ್ ಗೊತ್ತು ಬುಡಿ ಚಿಕ್ಕಪ್ಪ" ಅಂತ ನಕ್ಕ.

ಆ ತಪ್ಪನ್ನು ನಾನು ನಲವತ್ತು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದೇನೆ. ಅದು ಅವನಿಗೆ ಗೊತ್ತಿರಲಿಲ್ಲ.

1985ರ ಬೇಸಗೆ. ನಾನು ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟಿಗೆ ಕಾಯುತ್ತಿದ್ದೆ. ತಿರುಮಕೂಡಲು ನರಸೀಪುರದಲ್ಲಿ ನನ್ನ ಸೋದರಮಾವನ ಶೆಡ್ಡು. ಶೆಡ್ಡೆಂದರೆ ನಾಲ್ಕು ಕಂಬ, ಮೇಲೆ ತಗಡು. ಮಾವನಿಗೆ ಓದು ಬಾರದು. ಸ್ಪಾನರಿನ ಮೇಲೆ ಕೊರೆದ ನಂಬರನ್ನು ಚಿತ್ರ ನೋಡಿದ ಹಾಗೆ ನೋಡಿ ಗುರುತು ಹಿಡಿಯುತ್ತಿದ್ದ.

ಆ ಕಡೆ ನಾಲೆ ನೀರಿನ ಊರುಗಳು. ಗದ್ದೆಯ ಕೆಸರು ಕಾರಿನ ಹೊಟ್ಟೆಗೆ ಮೆತ್ತಿ ಮೆತ್ತಿ ಬ್ರೇಕ್ ಪೈಪಿಗೆ ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಒಳಗಿನಿಂದಲೂ ಹಿಡಿಯುತ್ತದೆ. ಬ್ರೇಕ್ ಆಯಿಲ್ ಅನ್ನೋದು ಗಾಳಿಯ ತೇವವನ್ನು ತಾನಾಗಿ ಎಳೆದುಕೊಳ್ಳುವ ವಸ್ತು. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಆ ನೀರು ಒಳಗೇ ಕೂತು ಕಬ್ಬಿಣ ತಿನ್ನುತ್ತದೆ.

ಹೀಗೇ ಒಂದು ಅಂಬಾಸಡರ್ ಟ್ಯಾಕ್ಸಿ ಬಂದಿತ್ತು. ಮಾವ ಸಾಮಾನು ತರಲು ಹೋಗಿದ್ದ. ಅಂವ ಬರುವಷ್ಟರಲ್ಲಿ ನಟ್ಟು ಬಿಚ್ಚಿ ಶಾಭಾಸ್ ಅನ್ನಿಸಿಕೊಳ್ಳೋಣ ಅಂತ ನಾನು ಕೈ ಹಾಕಿದೆ. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಅದರ ನಟ್ಟು ಇಂಚಿನ ಲೆಕ್ಕದ್ದು. 7/16 ಇಂಚು ಅಂದರೆ 11 ಮಿಲಿಮೀಟರಿಗಿಂತ ಕೂದಲಷ್ಟು ಹೆಚ್ಚು. 11ರ ಸ್ಪಾನರು ಒಳಕ್ಕೆ ಕೂರಲ್ಲ, 12ರದು ಕೂತರೂ ಜಾರುತ್ತದೆ. ನಾನು ಹಾಕಿದ್ದು 12. ಮೊದಲು ನಟ್ಟಿನ ಮೂಲೆಗಳು ಸವೆದು ಉಂಡೆಯಾದವು. ಆಮೇಲೆ ನಟ್ಟು ತಿರುಗಿತು. ಗೆದ್ದೆ ಅಂದುಕೊಂಡೆ. ತಿರುಗಿದ್ದು ನಟ್ಟೊಂದೇ ಅಲ್ಲ, ಅದನ್ನು ತುಕ್ಕಿನಿಂದ ಅಪ್ಪಿಕೊಂಡಿದ್ದ ಪೈಪೂ ಜೊತೆಗೇ ಹೊಸೆದುಕೊಂಡು ಬಂದು ಪಟ್ಟಂತ ಮುರಿಯಿತು.

ಸಂಜೆ ಓನರು ಬಂದ. ಮಾರನೇ ದಿನ ಅಮಾವಾಸ್ಯೆ. ಮಾದಪ್ಪನ ಬೆಟ್ಟಕ್ಕೆ ಜನ ತುಂಬಿಕೊಂಡು ಹೋಗಬೇಕು.

"ಅದ್ಕ್ಯಾಕ್ಲ ಅಷ್ಟ್ ಯೋಚ್ನೆ? ಪೈಪ್ ಮಡ್ಚಿ ಬಡ್ದು ಮುಚ್ಬುಡು. ಮೂರು ವೀಲ್ಗೆ ಬ್ರೇಕಿದ್ರೆ ಸಾಕು" ಅಂದ.

ರಸ್ತೆ ಬದಿಯಲ್ಲಿ ಹಾಗೆ ಮಾಡುವವರು ಇದ್ದರು. ಆದರೆ ಆ ಕಾಲದ ಅಂಬಾಸಡರಿನಲ್ಲಿ ನಾಲ್ಕು ಗಾಲಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಆಯಿಲ್. ಮಡಚಿದ ಜಾಗ ಒತ್ತಡಕ್ಕೆ ಬಾಯಿ ಬಿಟ್ಟರೆ ಒಂದು ಗಾಲಿಯ ಬ್ರೇಕಲ್ಲ, ನಾಲ್ಕರದೂ ಹೋಗುತ್ತದೆ. ಪೆಡಲು ನೆಲ ಮುಟ್ಟುತ್ತದೆ.

ಮಾವ ಎದ್ದು ನಿಂತು ಹೇಳಿದ: "ಆಗಲ್ಲ ಬುದ್ಧಿ. ಬೆಟ್ಟ ಹತ್ಬೋದು, ಇಳಿಯಾಕಾಗಲ್ಲ. ತಾಳುಬೆಟ್ಟದಿಂದಾಚ್ಗೆ ತಿರುವು ನೀವೇ ನೋಡಿದ್ದೀರಿ. ಒಳಗ ಕೂರೋರು ಹೆಂಗಸ್ರು ಮಕ್ಳು. ರಾತ್ರಿ ಕೂತು ಮಾಡ್ಕೊಡ್ತೀನಿ. ಹಂಗೇ ಬೇಕು ಅಂದ್ರ ಗಾಡಿ ಬ್ಯಾರೆ ಕಡೆ ಎಳಿಸ್ಕಳಿ."

ನನಗೆ ಎದೆ ಹೊಡೆದುಕೊಂಡಿತು. ಎದುರಿನ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದ ಕಾಲ ಅದು. ನಾವು ಮುಟ್ಟಿದ ಲೋಟ ಬೇಡ, ನಾವು ಮುಟ್ಟಿದ ಬ್ರೇಕು ಬೇಕು. ಅಂಥ ಕಡೆ ಮಾವ ಒಬ್ಬ ಯಜಮಾನನ ಮುಖಕ್ಕೆ ಆಗಲ್ಲ ಅಂದದ್ದನ್ನು ನಾನು ಮೊದಲ ಸಲ ನೋಡಿದೆ. ಓನರು ಬಾಯಿಗೆ ಬಂದ ಹಾಗೆ ಬೈದು ಹೋದ.

ಮಾವ ನನಗೆ ಹೊಡೆಯಲಿಲ್ಲ. "ಲಾಟೀನ್ ಹಿಡ್ಕ" ಅಂದ. ಮುರಿದ ಪೈಪನ್ನು ನಟ್ಟಿನ ಬುಡಕ್ಕೆ ಕೊಯ್ದು ಹಾಕಿದ. ಉಂಡೆಯಾದ ನಟ್ಟಿನ ಎರಡು ಮಗ್ಗುಲನ್ನು ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ 10ರ ಸ್ಪಾನರು ಬಿಗಿಯಾಗಿ ಕೂರುವ ಹಾಗೆ ಮಾಡಿದ. ಸೀಮೆಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿ ಬುಡಕ್ಕೆ ಬಿಟ್ಟ. ಸಣ್ಣ ಸುತ್ತಿಗೆಯಲ್ಲಿ ತಟ್ಟಿದ. ಬೀಡಿ ಸೇದಿದ. ಮತ್ತೆ ಎಣ್ಣೆ, ಮತ್ತೆ ತಟ್ಟೋದು. ಕೋಳಿ ಕೂಗುವ ಹೊತ್ತಿಗೆ ಸ್ಪಾನರು ಹಾಕಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದು ಎಳೆಯಷ್ಟು ಒತ್ತಿದ. ಕಟಕ್ ಅಂತು. ತುಕ್ಕು ಬಿಟ್ಟ ಸದ್ದು ಅದು. ಆಮೇಲೆ ಬಿಚ್ಚುವ ಕಡೆಗೆ ತಿರುವಿದ. ನಟ್ಟು ಬಂತು.

"ಬಲ ಇರೋದು ಕೊನೇಗೆ ಕನ ಮಗ. ಮೊದ್ಲು ಅದು ಎಲ್ಲಿ ಕಚ್ಕಂಡದ ಅಂತ ನೋಡು" ಅಂದ.

ಬೆಳಿಗ್ಗೆ ಓನರು ಹೊಸ ಪೈಪಿನ ದುಡ್ಡು ಕೊಟ್ಟ. ಕೂಲಿ ಕೊಡಲಿಲ್ಲ. ಆ ಟ್ಯಾಕ್ಸಿ ಮತ್ತೆ ನಮ್ಮ ಶೆಡ್ಡಿಗೆ ಬರಲೂ ಇಲ್ಲ. ಆದರೆ ಬೆಟ್ಟಕ್ಕೆ ಹೋದವರು ವಾಪಸು ಬಂದರು.

ನಂಜನಗೂಡಿನ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಜಾಕಿ ಒಂದನ್ನೇ ನಂಬಬೇಡ, ಅಡಿಗೆ ಮರದ ದಿಮ್ಮಿ ಕೊಡು ಅಂದೆ. ತಂತಿಬ್ರಷ್ಷಿನಲ್ಲಿ ನಟ್ಟು ಉಜ್ಜಿಸಿದೆ. ಎಣ್ಣೆಯನ್ನು ನಟ್ಟು ಸಿಲಿಂಡರಿಗೆ ಸೇರುವ ಕಡೆಯೂ ಹಾಕಿಸಿದೆ, ಪೈಪು ನಟ್ಟಿನೊಳಕ್ಕೆ ಹೋಗುವ ಹಿಂಬದಿಗೂ ಹಾಕಿಸಿದೆ. ಕಚ್ಚಿಕೊಳ್ಳುವುದು ಎರಡು ಕಡೆ. ಆದರೆ ಸೀಮೆಎಣ್ಣೆ ಹೊರಗೇ ಇರಬೇಕು. ಬ್ರೇಕ್ ಆಯಿಲಿಗೆ ಬೆರೆತರೆ ಒಳಗಿನ ರಬ್ಬರು ಊದಿಕೊಂಡು ಕೆಡುತ್ತದೆ. ಅಂವ ಬ್ಲೋಲ್ಯಾಂಪು ಹಚ್ಚಲೇ ಅಂದ. ಬೇಡ ಅಂದೆ. ಬ್ರೇಕ್ ಆಯಿಲಿಗೆ ಬೆಂಕಿ ಹತ್ತುತ್ತದೆ, ರಬ್ಬರು ಸುಡುತ್ತದೆ.

ಮಾರನೇ ದಿನ ಮನೆಯಿಂದ ಮಾವನ ಸ್ಪಾನರು ತಗೊಂಡು ಹೋದೆ. 7/16ರ ರಿಂಗ್ ಸ್ಪಾನರು. ಪೈಪು ನುಸುಳುವಷ್ಟು ಅದರ ಬಾಯನ್ನು ಮಾವ ಗರಗಸದಲ್ಲಿ ಕೊಯ್ದಿದ್ದ. ಪೈಪಿನ ಮೇಲಿಂದ ತೂರಿಸಿ ನಟ್ಟಿಗೆ ಕೂರಿಸಿದರೆ ಮೂಲೆಗಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಈಗ ಅಂಗಡಿಯಲ್ಲೇ ಅಂಥದ್ದು ಸಿಗುತ್ತದಂತೆ.

ಹುಡುಗ ಎಳೆಯಷ್ಟು ಬಿಗಿದ, ಎಳೆಯಷ್ಟು ಬಿಟ್ಟ. ಪೈಪು ಜೊತೆಗೆ ತಿರುಗುತ್ತದೆಯೇ ಅಂತ ಬೆರಳಿಟ್ಟು ನೋಡಿದ. ತಿರುಗಿದರೆ ನಿಲ್ಲಿಸಬೇಕು. ತಿರುಗಲಿಲ್ಲ. ನಟ್ಟು ಬಿಚ್ಚಿಕೊಂಡಿತು. ಆ ಪೈಪನ್ನೂ ಉಳಿಸಿಕೊಳ್ಳಲಿಲ್ಲ, ಹೊಸದು ಹಾಕಿದ. ಆಮೇಲೆ ಏರ್ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ತೀರ ದೂರದ ಗಾಲಿಯಿಂದ ಶುರು, ಅದೇ ಹಿಂದಿನ ಎಡಗಾಲಿ. ನಾನು ಪೆಡಲು ತುಳಿದೆ, ಅಂವ ಕೆಳಗೆ ಮಲಗಿ ನಿಪ್ಪಲ್ಲು ಬಿಚ್ಚಿದ.

"ತುಳಿ ಚಿಕ್ಕಪ್ಪ... ಹಿಡ್ಕ... ಬುಡು."

ಅಂಬಾಸಡರ್ ತಯಾರಾಗುವುದು 2014ರಲ್ಲೇ ನಿಂತಿತು. ಮಾವ ಅದಕ್ಕೂ ಮೊದಲೇ ತೀರಿಕೊಂಡ. ಅವನಿಗೆ ತಿಳಿದಿದ್ದದ್ದು ಯಾವ ಪಠ್ಯದಲ್ಲೂ ಇಲ್ಲ. ಅಂವ ಬರೆಯಲಾರ, ಬರೆಯಬಲ್ಲ ನಾನು ಇಷ್ಟು ವರ್ಷ ಬರೆಯಲಿಲ್ಲ. ಇದನ್ನು ಓದುವ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನಲ್ಲೂ ಶೆಡ್ಡಿಗೆ ಹೋಗುವವರ ಮಕ್ಕಳು ಇರುತ್ತಾರೆ. ಒಂದು ದಿನ ಅವರನ್ನು ನಿಲ್ಲಿಸಿ, ನಿಮ್ಮಪ್ಪ ಬಿಗಿದ ನಟ್ಟನ್ನು ಹೇಗೆ ಬಿಚ್ಚುತ್ತಾನೆ ಅಂತ ಕೇಳಿ. ಹೇಳಿದ್ದನ್ನು ಬರೆಸಿ.