ಬಲ ಕವರ್

2023 ಜುಲೈ 30, ಭಾನುವಾರ

ಮಳೆ ಬಿಡುವ ಲಕ್ಷಣವಿಲ್ಲ. ಮೈದಾನದ ಮಣ್ಣು ರಾಡಿಯಾಗಿದೆ, ಹಾಲ್‌ನಲ್ಲಿ ಮ್ಯಾಟ್ ಹಾಸಿ ಕಬಡ್ಡಿ ಆಡಿಸಿದರು. ಬಿ.ಕಾಂ. ಕೊನೆಯ ವರ್ಷ, ಈ ಸಲವೂ ನನ್ನ ಜಾಗ ಬಲ ಕವರ್. ಸರ್ ಹೆಸರು ಓದುವಾಗ ಮೊದಲು ರೈಡರ್‌ಗಳು, ಆಮೇಲೆ ಕಾರ್ನರ್‌ಗಳು, ಉಳಿದವರು ಕಡೆಗೆ.

ರಾತ್ರಿ ಅವ್ವ ಫೋನ್ ಮಾಡಿದ್ದಳು. ನಮ್ಮೂರು ಜತ್ತದ ಕಡೆ ಇನ್ನೂ ಹನಿ ಬಿದ್ದಿಲ್ಲವಂತೆ.

“ಎಷ್ಟ್ ಮಂದೀನ್ ಔಟ್ ಮಾಡ್ದಿ?”

“ನಾ ಮಾಡೂದಲ್ಲವ್ವಾ, ಕಾರ್ನರ್‌ದವ ಹಿಡೀತಾನ. ಅವ ಹಿಡಿದವ ತಪ್ಪಿಸ್ಕೊಳ್ಳದಂಗ ನಾ ನೋಡ್ಕೊಳ್ಳೂದು.”

“ಅಷ್ಟಕ್ಕ ಪುಣೇಕ ಹೋಗಬೇಕಾತೇನು?”

ಅಪ್ಪ ಹಿಂದಿನಿಂದ ನಕ್ಕದ್ದು ಕೇಳಿಸಿತು.

2023 ಆಗಸ್ಟ್ 19, ಶನಿವಾರ

ಹೊಸ ಹುಡುಗರಿಗೆ ಕವರ್ ಎಂದರೆ ಏನೆಂದು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಾಯಲ್ಲಿ ಹೇಳಲು ಹೋಗಿ ತೊದಲಿದೆ, ಇಲ್ಲಿ ಬರೆದಿಡುತ್ತೇನೆ.

ಅಂಕಣ 13 ಮೀಟರ್ ಉದ್ದ, ಅಕ್ಕಪಕ್ಕದ ಲಾಬಿ ಸೇರಿ 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ರೈಡರ್‌ಗೆ 30 ಸೆಕೆಂಡ್. ಕಾರ್ನರ್‌ನವನು ಬಗ್ಗಿ ಕಾಲಿನ ಮೇಲೆ ಕಣ್ಣಿಟ್ಟಿರುತ್ತಾನೆ, ಅವನ ಬೇಟೆ ಹಿಮ್ಮಡಿ. ಕವರ್ ನೋಡಬೇಕಾದದ್ದು ಸೊಂಟ. ಮುಖ ಸುಳ್ಳು ಹೇಳುತ್ತದೆ, ಕೈಯೂ ಹೇಳುತ್ತದೆ, ಕಾಲು ಕೂಡ ಅರ್ಧ ಹೇಳುತ್ತದೆ. ಸೊಂಟ ತಿರುಗದೆ ಯಾವ ರೈಡರೂ ವಾಪಸ್ ಹೊರಡಲಾರ.

ಕಾರ್ನರ್ ಕಾಲು ಹಿಡಿದ ಕೂಡಲೇ ರೈಡರ್ ನಡುಗೆರೆಯ ಕಡೆ ಮೈ ಚಾಚುತ್ತಾನೆ. ಬೆರಳ ತುದಿ ಗೆರೆ ದಾಟಿದರೂ ಹಿಡಿದವರೆಲ್ಲ ಔಟ್. ಅಷ್ಟರೊಳಗೆ ನಾನು ಅವನಿಗೂ ಗೆರೆಗೂ ನಡುವೆ ಬಂದಿರಬೇಕು, ಇಲ್ಲವೇ ಎದೆಗೆ ಭುಜ ಕೊಟ್ಟು ಲಾಬಿಯಾಚೆ ಡ್ಯಾಶ್ ಮಾಡಬೇಕು. ಮೊದಲೇ ನುಗ್ಗಿದರೆ ಸುಮ್ಮನೆ ಪಾಯಿಂಟ್ ಕೊಟ್ಟಂತೆ. ತಡವಾದರೆ ಕಾರ್ನರ್‌ನವನನ್ನೂ ಕಳೆದುಕೊಂಡಂತೆ. ಹಾಲು ಉಕ್ಕುವಾಗ ಒಲೆಯ ಮುಂದೆ ನಿಂತವರಿಗೆ ಈ ಹೊತ್ತಿನ ಲೆಕ್ಕ ಗೊತ್ತಿರುತ್ತದೆ.

ಬಲ ಭುಜ ಬಾತಿದೆ. ಐಸ್ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

2023 ಅಕ್ಟೋಬರ್ 7, ಶನಿವಾರ

ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಮೆಸ್‌ನಲ್ಲಿ ಊಟ ಬಡಿಸುವವರೂ ಟಿವಿ ಮುಂದೆ. ಭಾರತ–ಇರಾನ್ 28–28. ಪವನ್ ಸೆಹ್ರಾವತ್ ಪಾಯಿಂಟ್ ತರದಿದ್ದರೆ ಔಟ್ ಎಂಬ ಡೂ ಆರ್ ಡೈ ರೈಡ್‌ಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟ. ಅವನ ಬೆನ್ನಿಗೇ ಇರಾನಿನ ಡಿಫೆಂಡರ್‌ಗಳೂ ಬಿದ್ದರು. ಹಳೆಯ ನಿಯಮದ ಪ್ರಕಾರ ಬೆನ್ನುಹತ್ತಿದವರೂ ಔಟ್, ಹೊಸದರ ಪ್ರಕಾರ ರೈಡರ್ ಮಾತ್ರ. ಅಂಪೈರ್ ಒಂದು ಹೇಳುವುದು, ಅದನ್ನೇ ಇನ್ನೊಬ್ಬರು ತಿರುಗಿಸುವುದು. ಆಟಗಾರರು ಅಂಕಣದಲ್ಲೇ ಕೂತುಬಿಟ್ಟರು. ಆಟ ನಿಂತು, ಕೊನೆಗೆ 33–29ಕ್ಕೆ ಚಿನ್ನ ನಮ್ಮದಾಯಿತು.

ಎಲ್ಲರೂ ಕುಣಿದರು, ನಾನೂ ಕುಣಿದೆ. ಆದರೆ ಆ ಇರಾನಿಗಳ ಮೇಲೆ ಕನಿಕರ ಬಂತು. ಕಣ್ಣೆದುರು ಬೆನ್ನು ಹೋಗುವಾಗ ಹಿಂದೆ ಬೀಳದಿರಲು ಕವರ್‌ನ ಮೈಗೆ ಯಾರೂ ಕಲಿಸಿರುವುದಿಲ್ಲ.

2023 ಅಕ್ಟೋಬರ್ 10, ಮಂಗಳವಾರ

ಪ್ರೊ ಕಬಡ್ಡಿಯ ಮುಂಬೈ ಹರಾಜಿನಲ್ಲಿ ಅದೇ ಇರಾನ್ ತಂಡದ ಶಾದ್ಲೂಯಿಯನ್ನು ನಮ್ಮ ಪುಣೇರಿ ಪಲ್ಟನ್ 2.35 ಕೋಟಿಗೆ ಕೊಂಡಿದೆ. ಮೊನ್ನೆ ಟಿವಿ ಮುಂದೆ ಅವನನ್ನು ಬೈದವರೆಲ್ಲ ಇವತ್ತು ಅವನ ಫೋಟೊ ಸ್ಟೇಟಸ್ ಇಟ್ಟುಕೊಂಡಿದ್ದಾರೆ.

2023 ನವೆಂಬರ್ 5, ಭಾನುವಾರ

ಅಂತರ ಕಾಲೇಜು ಪಂದ್ಯಗಳು ಮುಗಿದವು. ಸೆಮಿಫೈನಲ್‌ನಲ್ಲಿ ಸೋತೆವು. ಮುಂದಿನ ಹಂತದ ಪಟ್ಟಿಯಲ್ಲಿ ನಮ್ಮ ಕಾಲೇಜಿನಿಂದ ರೈಡರ್ ಒಬ್ಬ, ಎಡ ಕಾರ್ನರ್ ಒಬ್ಬ. ನಾನಿಲ್ಲ.

ಸ್ಕೋರ್‌ಶೀಟನ್ನು ಕೇಳಿ ಇಸಿದುಕೊಂಡು ನೋಡಿದೆ. ಒಂದು ಪಕಡಿಗೆ ಒಂದೇ ಸಂಖ್ಯೆ ಬರೆಯುತ್ತಾರೆ, ಮೊದಲು ಕೈ ಹಾಕಿದವನದು. ಅದೂ ಸರಿಯೇ. ಮೊದಲು ಕೈ ಹಾಕುವವನಿಗೆ ಅಪಾಯ ಹೆಚ್ಚು, ತಪ್ಪಿದರೆ ಮೊದಲು ಹೊರಗೆ ಕೂರುವವನೂ ಅವನೇ. ಆದರೂ ಆ ಹಾಳೆ ನೋಡಿದವರಿಗೆ ನಾನು ಅರ್ಧ ಆಟ ಬೆಂಚಿನಲ್ಲಿ ಕೂತಿದ್ದೆ ಅನ್ನಿಸಬೇಕು. ಪಟ್ಟಿ ಸೇರಿದ ನಮ್ಮ ಕಾರ್ನರ್, ಕೊಲ್ಹಾಪುರದವನು, ರಾತ್ರಿ ಮಿಸಳ್ ಕೊಡಿಸಿದ. “ಭಾವಾ, ಅರ್ಧೀ ತುಝೀ” ಅಂದ, ಅರ್ಧ ನಿನ್ನದು ಅಂತ. ಮಿಸಳಿನ ಮಾತೋ ಪಾಯಿಂಟಿನ ಮಾತೋ ಕೇಳಲಿಲ್ಲ.

2023 ಡಿಸೆಂಬರ್ 17, ಭಾನುವಾರ

ಬಾಲೇವಾಡಿಗೆ ಹೋಗಿದ್ದೆವು, ಪ್ರೊ ಕಬಡ್ಡಿ ಈ ವಾರ ಪುಣೆಯಲ್ಲಿದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಶಿವಛತ್ರಪತಿ ಕ್ರೀಡಾಸಂಕುಲ ಅದು.

ಚೆಂಡಿಲ್ಲದ ಆಟದಲ್ಲಿ ಜನರ ಕಣ್ಣಿಗೆ ರೈಡರೇ ಚೆಂಡು. ನಾನು ಹಟ ಹಿಡಿದು ಪಲ್ಟನ್ನಿನ ಇಬ್ಬರು ಕವರ್‌ಗಳನ್ನೇ ನೋಡಿದೆ: ಸಂಕೇತ್ ಸಾವಂತ್, ಅಬಿನೇಶ್ ನಟರಾಜನ್. ಅಬಿನೇಶ್ ನಿಂತ ಜಾಗ ಬಿಡುವುದೇ ಕಮ್ಮಿ. ಶಾದ್ಲೂಯಿ ಎಡ ಮೂಲೆಯಿಂದ ಹುಚ್ಚನಂತೆ ಎಗರುತ್ತಾನೆ, ಕೆಲವೊಮ್ಮೆ ತಾನೇ ರೈಡ್‌ಗೂ ಹೋಗುತ್ತಾನೆ. ಅವನಿಗೆ ಆ ಧೈರ್ಯ ಬರುವುದು ಪಕ್ಕದವರು ಜಾಗ ಬಿಡುವುದಿಲ್ಲ ಎಂಬ ನಂಬಿಕೆಯಿಂದ. ಇದು ಕವರ್ ಒಬ್ಬನ ಅಭಿಪ್ರಾಯ, ಪಕ್ಷಪಾತ ಇರಬಹುದು.

2024 ಫೆಬ್ರವರಿ 12, ಸೋಮವಾರ

ಮೇಲಿನ ರೂಮಿನ ಸೀನಿಯರ್ ರಗ್ಬಿ ಆಡುವವನು. ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದ: ಅಮೆರಿಕದ ಫುಟ್‌ಬಾಲಿನ ಸೂಪರ್ ಬೌಲ್. ಅಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಈ ಆಟಕ್ಕೆ ನಮ್ಮಲ್ಲೂ ಒಂದು ಲೀಗ್ ಇತ್ತಂತೆ. 2012ರಲ್ಲಿ ಪಂದ್ಯಗಳನ್ನು ಕೊಲಂಬೊದಲ್ಲಿ ಆಡಿಸಿದರು, ಗೆದ್ದದ್ದು ಪುಣೆ ಮರಾಠಾಸ್ ಎಂಬ ತಂಡ. ಈ ಊರಲ್ಲಿ ಅದರ ಹೆಸರೆತ್ತಿದವರನ್ನು ನಾನು ಕಂಡದ್ದು ಇವನೊಬ್ಬನನ್ನೇ.

“ನೀ ಕವರ್ ಅಲ್ವಾ, ಇವನನ್ನ ನೋಡು” ಎಂದು ತೋರಿಸಿದ್ದು ಟೈಟ್ ಎಂಡ್ ಎಂಬ ಜಾಗದವನನ್ನು. ದಾಂಡಿಗರ ಸಾಲಿನ ತುದಿಗೆ ಅಂಟಿಕೊಂಡು ನಿಲ್ಲುತ್ತಾನೆ. ಕೆಲವು ಸಲ ಓಡಿ ಹೋಗಿ ಚೆಂಡು ಹಿಡಿಯುತ್ತಾನೆ; ಮಿಕ್ಕ ಹೊತ್ತು ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡಿಕೊಡಲು ಎದುರಿನವರಿಗೆ ಮೈ ಕೊಡುತ್ತಾನೆ. ಎರಡೂ ಕಡೆ ಹೆಸರುವಾಸಿ ಟೈಟ್ ಎಂಡ್‌ಗಳೇ. ಕಾನ್ಸಾಸ್ ಸಿಟಿಯ ಟ್ರಾವಿಸ್ ಕೆಲ್ಸಿ 9 ಕ್ಯಾಚ್, 93 ಯಾರ್ಡ್. ಅವನ ತಂಡವೇ 25–22ಕ್ಕೆ ಹೆಚ್ಚುವರಿ ಸಮಯದಲ್ಲಿ ಗೆದ್ದಿತು. ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಕಿಟಲ್ 2 ಕ್ಯಾಚ್, 4 ಯಾರ್ಡ್.

ಕ್ಲಾಸಿಗೆ ಹೋಗುವ ಬದಲು ಆ ಇಬ್ಬರ ಕಾಲೇಜಿನ ದಿನಗಳನ್ನು ಓದುತ್ತ ಕೂತೆ. ಕೆಲ್ಸಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಬಂದದ್ದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿ. 2010ರ ಸೀಸನ್ ಪೂರ್ತಿ ಅಮಾನತಾಗಿದ್ದ. ಟೈಟ್ ಎಂಡ್ ಆಗಿ 2012ರ ಕೊನೆಯ ವರ್ಷದಲ್ಲಿ 45 ಕ್ಯಾಚ್, 722 ಯಾರ್ಡ್. ನನಗೆ ಹಿಡಿಸಿದವನು ಕಿಟಲ್. ಅಯೋವಾ ವಿಶ್ವವಿದ್ಯಾಲಯದ ಅವನ ಇಡೀ ಆಟದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 48 ಕ್ಯಾಚ್. ಕಾಲೇಜು ಆಟಗಾರರನ್ನು ದೊಡ್ಡ ತಂಡಗಳು ಆರಿಸಿಕೊಳ್ಳುವ 2017ರ ಡ್ರಾಫ್ಟ್‌ನಲ್ಲಿ 146ನೆಯವನಾಗಿ ಆರಿಸಿದರು. ಅಷ್ಟು ಕೆಳಗಾದರೂ ಯಾರೋ ಆರಿಸಿದರಲ್ಲ! ಅಲ್ಲಿ ಪ್ರತಿ ಆಟವನ್ನೂ ಹಿಂದೆ ಮುಂದೆ ತಿರುಗಿಸಿ, ಕ್ಯಾಚ್ ಹಿಡಿಯದ ಹೊತ್ತಿನಲ್ಲಿ ಇವನೇನು ಮಾಡುತ್ತಿದ್ದ ಎಂದು ನೋಡಲೆಂದೇ ಸಂಬಳದ ಜನ ಇರುತ್ತಾರಂತೆ. ನಮ್ಮ ಪಂದ್ಯಗಳ ವಿಡಿಯೊ ತೆಗೆಯುವವನು ರೈಡರ್‌ನ ತಮ್ಮ. ಅಣ್ಣ ಔಟ್ ಆದ ಕೂಡಲೇ ಮೊಬೈಲ್ ಜೇಬಿಗೆ.

2024 ಮಾರ್ಚ್ 2, ಶನಿವಾರ

ನಿನ್ನೆ ರಾತ್ರಿ ಹೈದರಾಬಾದಿನಲ್ಲಿ ಪಲ್ಟನ್ ಹರಿಯಾಣ ಸ್ಟೀಲರ್ಸನ್ನು 28–25ಕ್ಕೆ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಹೋದ ಸೀಸನ್ನಿನ ಫೈನಲ್‌ನಲ್ಲಿ ಜೈಪುರದ ಎದುರು 33–29ಕ್ಕೆ ಸೋತಿದ್ದ ಉರಿ ಆರಿತು. ಕೋಚ್ ಕರ್ನಾಟಕದ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆಲ್ಲಿಸಿಕೊಟ್ಟವರು. “ತುಮಚಾ ಕನ್ನಡೀ ಮಾಣೂಸ್” ಎಂದು ಹಾಸ್ಟೆಲಿನವರು ನನ್ನನ್ನೇ ಹೆಗಲ ಮೇಲೆ ಹೊತ್ತರು. ಜತ್ತದವನು ಮಹಾರಾಷ್ಟ್ರದವನೇ ಎಂದು ಉಳಿದ ದಿನ ನಾನೇ ವಾದಿಸುತ್ತೇನೆ; ನಿನ್ನೆ ಸುಮ್ಮನಿದ್ದೆ.

2024 ಮಾರ್ಚ್ 24, ಭಾನುವಾರ

ಪರೀಕ್ಷೆ ಹತ್ತಿರ ಬಂತು, ಆಟ ಮುಗಿದಂತೆಯೇ. ಮಾವ ಸರ್ಕಾರಿ ನೌಕರಿಯ ಶೇಕಡಾ 5 ಕ್ರೀಡಾ ಮೀಸಲಾತಿಯ ಬಗ್ಗೆ ಕೇಳಿದ. ಅದಕ್ಕೆ ರಾಜ್ಯ ಮಟ್ಟದಲ್ಲೋ ಮೇಲೋ ಸ್ಥಾನ ಗಳಿಸಿದ ಪ್ರಮಾಣಪತ್ರ ಬೇಕು, ನನ್ನ ಹತ್ತಿರ ಇರುವುದು ಭಾಗವಹಿಸಿದ ಪತ್ರಗಳು. ಹಾಗೆಂದು ಹೇಳಿದೆ. “ಹಂಗಾರ ಬ್ಯಾಂಕಿನ ಪರೀಕ್ಷಾ ಕಟ್ಟು” ಅಂದ. ಫಾರ್ಮ್ ತುಂಬುತ್ತೇನೆ.

ಸಂಜೆ ಮೊದಲ ವರ್ಷದ ಹುಡುಗ ಬಂದಿದ್ದ. ನನ್ನ ಜಾಗ ಅವನಿಗೆ ಕೊಡುತ್ತಾರಂತೆ, ಅವನಿಗೋ ಕಾರ್ನರ್ ಬೇಕು. ಮ್ಯಾಟ್ ಮೇಲೆ ನಿಲ್ಲಿಸಿ ನಾನೇ ರೈಡ್‌ಗೆ ಹೋದೆ. ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು. ಎಡಕ್ಕೆ ನೋಡಿ ಬಲಕ್ಕೆ ಮುಟ್ಟಿ ಬಂದೆ. ಎರಡನೆಯ ಸಲವೂ ಅಷ್ಟೇ. ಆಮೇಲೆ ತಾನೇ ಕಣ್ಣು ಕೆಳಗಿಳಿಸಿದ. ಎದೆಗೆ ಕೊಟ್ಟ ಡ್ಯಾಶಿಗೆ ನಾನು ಲಾಬಿ ದಾಟಿ ಗೋಡೆಯ ಹತ್ತಿರ ಬಿದ್ದೆ.

“ಲಾಗಲಂ ಕಾ, ದಾದಾ?” ಎಂದು ಓಡಿ ಬಂದ.

ಇಲ್ಲ ಅಂದೆ. ಭುಜ ಜೋರಾಗಿಯೇ ನೋಯುತ್ತಿತ್ತು. ಮಂಗಳವಾರ ಮತ್ತೆ ಬಾ ಎಂದು ಹೇಳಿ ಕಳಿಸಿದೆ, ಪಕ್ಕದವನ ಕೈ ಹಿಡಿದು ಆಡುವ ಚೈನ್ ಕಲಿಸುವುದು ಬಾಕಿ ಇದೆ.