ಹುಲಿಕಲ್ಲಿನ ಮಳೆಯೂ ಚಿತ್ರಮಂದಿರದ ಬೆಳಕೂ

ತೀರ್ಥಹಳ್ಳಿಯಿಂದ ಯಡೂರು, ಮಾಸ್ತಿಕಟ್ಟೆಗಳ ಮಾರ್ಗವಾಗಿ ಕುಂದಾಪುರದ ಕಡೆಗೆ ಇಳಿಯುವವರಿಗೆ ಹುಲಿಕಲ್ಲೇ ಘಟ್ಟದ ಹೆಬ್ಬಾಗಿಲು. ಹೊಸನಗರ ತಾಲ್ಲೂಕಿನ ಈ ಊರು ಕನ್ನಡನಾಡಿನಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲೊಂದೆಂದು ಪ್ರಸಿದ್ಧವಾದುದು. ಆಷಾಢದಲ್ಲಿ ನಾವು ಅಲ್ಲಿಗೆ ಹೋದಾಗ ನಡುಹಗಲೇ ಮುಸ್ಸಂಜೆಯಂತಿದ್ದಿತು. ಚಂಡಿಕಾಂಬೆಯ ಗುಡಿಯ ಮುಂದೆ ವಾಹನಗಳು ದೀಪ ಹೊತ್ತಿಸಿಕೊಂಡೇ ನಿಂತಿದ್ದುವು. ಮೊದಲು ಎಲ್ಲವೂ ಒಂದೇ ಬೂದುಬಣ್ಣವಾಗಿ ತೋರಿತು. ಕಣ್ಣು ಪಳಗಿದ ಮೇಲೆ ಹಾವಸೆಯ ಎಳೆಹಸುರು, ನೆನೆದ ಮರದ ಕಪ್ಪು, ಧರೆಯ ಕೆಮ್ಮಣ್ಣು, ಕಣಿವೆಯಿಂದೇಳುವ ಮಂಜಿನ ಬಿಳುಪು ಒಂದೊಂದಾಗಿ ಬೇರ್ಪಟ್ಟುವು.

ಇಂತಹ ಮಂದಬೆಳಕನ್ನು ಚಲನಚಿತ್ರದಲ್ಲಿ ಹಿಡಿಯುವುದು ಕಷ್ಟ. ಹಿಡಿದುದನ್ನು ಪ್ರೇಕ್ಷಕರ ಕಣ್ಣಿಗೆ ಮುಟ್ಟಿಸುವುದು ಇನ್ನೂ ಕಷ್ಟ. ಸಾಗರದ ನಾ. ಡಿಸೋಜರ ಕಾದಂಬರಿಯನ್ನಾಧರಿಸಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ದ್ವೀಪ’ವನ್ನು ನೋಡಿದವರು ಇದನ್ನು ಬಲ್ಲರು. ಅಣೆಕಟ್ಟಿನ ಹಿನ್ನೀರು ಏರಿ ಮನೆಯನ್ನು ಸುತ್ತುವರಿಯುವ ಆ ಕಥೆಯನ್ನು ಮಳೆಯೇ ಆವರಿಸಿಕೊಂಡಿದೆ. ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರವೆನಿಸಿತು, ಎಚ್. ಎಂ. ರಾಮಚಂದ್ರರಿಗೆ ಛಾಯಾಗ್ರಹಣದ ಪ್ರಶಸ್ತಿಯೂ ದೊರೆಯಿತು. ಆದರೆ ಛಾಯಾಗ್ರಾಹಕರ ಶ್ರಮವೆಲ್ಲವೂ ಕಡೆಗೆ ಚಿತ್ರಮಂದಿರದ ದೀಪವನ್ನೇ ನೆಚ್ಚಿಕೊಂಡಿರುವುದು.

ಆ ದೀಪವು ಹಳತಾದಂತೆ ಕಾಂತಿಗುಂದುವುದು. ಮಸೂರಕ್ಕೂ ಯಂತ್ರದ ಕೊಠಡಿಯ ಕಿಂಡಿಯ ಗಾಜಿಗೂ ಧೂಳು ಹಿಡಿಯುವುದು. ಬಿಳಿಯ ತೆರೆಯೂ ಮಾಸುವುದು. ಆದುದರಿಂದ ಜಾಗರೂಕರಾದ ಯಂತ್ರಚಾಲಕರು ಪ್ರದರ್ಶನಕ್ಕೆ ಮುಂಚೆ ಇವನ್ನೆಲ್ಲ ಪರೀಕ್ಷಿಸುವರು. ಸಭಾಂಗಣವನ್ನು ಕತ್ತಲುಮಾಡಿ, ದೀಪವು ಕಾದು ನೆಲೆಗೊಂಡ ಮೇಲೆ ಬರಿಯ ಬಿಳಿಯ ಬೆಳಕನ್ನು ತೆರೆಗೆ ಬಿಟ್ಟು, ಪ್ರೇಕ್ಷಕರು ಕೂಡುವ ಸ್ಥಳದಿಂದ ಮಾಪಕ ಹಿಡಿದು ಅಳೆಯುವರು. ಈಗಿನ ಡಿಜಿಟಲ್ ಪ್ರದರ್ಶನದಲ್ಲಿ ತೆರೆಯ ನಡುವೆ ಚದರ ಮೀಟರಿಗೆ 48 ಕ್ಯಾಂಡೆಲಾ ಹೊಳಪಿರಬೇಕೆಂಬುದು ಅಂತರರಾಷ್ಟ್ರೀಯ ಮಾನ. ಅಂಚುಗಳು ನಡುವಿಗಿಂತ ಬಹಳ ಮಂಕಾಗಿರಬಾರದು. ಅನಂತರ ಕೆಂಪು, ಹಸುರು, ನೀಲಿಗಳನ್ನು ಒಂದೊಂದಾಗಿ ನೋಡಿ, ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬೂದುಪಟ್ಟಿಗಳನ್ನು ತೋರಿಸುವರು. ಆ ಬೂದಿನಲ್ಲಿ ಬೇರೆ ಬಣ್ಣದ ಛಾಯೆ ಇಣುಕಿದರೆ ಯಂತ್ರವನ್ನು ಸರಿಪಡಿಸಬೇಕಾಗುವುದು.

ಬೆಳಕು ಕುಂದಿದರೂ ಬಿಸಿಲಿನಲ್ಲಿ ತೆಗೆದ ಹಾಡು ಕುಣಿತಗಳು ಹೇಗೋ ಕಂಡಾವು; ಮಲೆನಾಡಿನ ಮಳೆಯ ದೃಶ್ಯವೇ ಮೊದಲು ಕತ್ತಲಲ್ಲಿ ಮುಳುಗುವುದು. ‘ದ್ವೀಪ’ದಲ್ಲಿ ಸೌಂದರ್ಯ ಅವರು ಅಭಿನಯಿಸಿದ ನಾಗಿಯ ಮುಖದ ದುಗುಡವು ಕಾಣದೆ ಹೋದರೆ, ನೋಡುವವರಿಗೆ ನೀರು ಏರಿದ್ದು ತಿಳಿದೀತು, ಮನೆಯೊಂದು ಮುಳುಗುವ ಸಂಕಟ ತಿಳಿಯದು. ಸಂಸಾರಸಮೇತರಾಗಿ ಹಣ ಕೊಟ್ಟು ಹೋಗುವ ಗೃಹಸ್ಥರು, ಕತ್ತಲ ದೃಶ್ಯದಲ್ಲಿ ಮರವೂ ಅದರ ಹಿಂದಿನ ನೆರಳೂ ಒಂದಾಗಿ ಕಂಡರೆ, ಮಂದಿರದ ವ್ಯವಸ್ಥಾಪಕರಿಗೆ ವಿನಯದಿಂದ ತಿಳಿಸುವುದು ಯುಕ್ತ. ಕೇಳುವವರಿದ್ದಲ್ಲಿ ದೀಪವನ್ನು ನೋಡಿಕೊಳ್ಳುವವರೂ ಇರುವರು.